ಬೆಂಡು, ಎರೆ, ಸೆಳವು: ಇಂಗ್ಲೆಂಡಿನ ಸಣ್ಣ ಹೊಳೆಯೊಂದರಲ್ಲಿ ಗಾಳದ ಮೀನುಗಾರಿಕೆ

ಇಂಗ್ಲೆಂಡಿನಲ್ಲಿ ಗಾಳ ಹಾಕುವವರು ಸಿಹಿನೀರಿನ ಮೀನುಗಳನ್ನು ಎರಡು ಪಂಗಡಗಳಾಗಿ ಎಣಿಸುತ್ತಾರೆ. ಸಾಲ್ಮನ್ ಮತ್ತು ಟ್ರೌಟ್ ‘ಗೇಮ್ ಫಿಶ್’. ಉಳಿದವೆಲ್ಲ ಹೆಚ್ಚುಕಡಿಮೆ ‘ಕೋರ್ಸ್ ಫಿಶ್’. ಎರಡನೆಯ ಪಂಗಡದ ಮೀನುಗಳನ್ನು ಗಾಳದಿಂದ ಹಿಡಿಯುವುದೇ ಕೋರ್ಸ್ ಫಿಶಿಂಗ್. ಕನ್ನಡ ಲಿಪಿಯಲ್ಲಿ ಬರೆದಾಗ ಇದು ಯಾವುದೋ ತರಬೇತಿಯ ಕೋರ್ಸಿನಂತೆ ಕಾಣುತ್ತದೆ, ಮತ್ತು ಊರಿನ ಗೆಳೆಯರೊಬ್ಬರು ಅದರ ಶುಲ್ಕವೆಷ್ಟೆಂದು ನನ್ನನ್ನು ಕೇಳಿದ್ದೂ ಉಂಟು. ಇಲ್ಲಿ ಆ ಪದಕ್ಕೆ ಒರಟು, ಸಾಧಾರಣ ಎಂಬ ಅರ್ಥ. ಆದರೆ ಈ ಮೀನುಗಳಲ್ಲಾಗಲಿ ಅವುಗಳನ್ನು ಹಿಡಿಯುವ ವಿಧಾನದಲ್ಲಾಗಲಿ ಒರಟುತನವೇನೂ ಇಲ್ಲ. ಹೆಸರಿನ ಹಿಂದಿರುವುದು ಹತ್ತೊಂಬತ್ತನೆಯ ಶತಮಾನದ ಅಂತಸ್ತಿನ ಲೆಕ್ಕಾಚಾರ. ಸಾಲ್ಮನ್, ಟ್ರೌಟ್ ಇದ್ದ ತಿಳಿನೀರಿನ ತೊರೆಗಳನ್ನು ಜಮೀನ್ದಾರರು ತಮಗಾಗಿ ಕಾಯ್ದಿಟ್ಟುಕೊಂಡರೆ, ಶೆಫೀಲ್ಡ್, ಲಂಡನ್ ಮುಂತಾದ ನಗರಗಳ ಕಾರ್ಮಿಕರು ಸಂಘ ಕಟ್ಟಿಕೊಂಡು, ರಿಯಾಯಿತಿ ದರದ ರೈಲು ಟಿಕೆಟ್ ಪಡೆದು, ವಾರದ ರಜೆಯ ದಿನ ಬಯಲುಸೀಮೆಯ ನಿಧಾನ ಹೊಳೆಗಳಿಗೂ ಕಾಲುವೆಗಳಿಗೂ ಹೋಗುತ್ತಿದ್ದರು. ಅವರಿಗೆ ಸಿಗುತ್ತಿದ್ದ ಮೀನುಗಳಿಗೆ ಈ ಹೆಸರು ಅಂಟಿಕೊಂಡಿತು.

ಇದನ್ನು ಸಾಮಾನ್ಯ ಮಾತುಗಳಲ್ಲಿ ಹೇಳುವುದಕ್ಕಿಂತ ಒಂದೇ ಹೊಳೆಯನ್ನು ಮುಂದಿಟ್ಟುಕೊಂಡು ವಿವರಿಸುವುದು ಮೇಲು. ನಾನು ಕೆಲವು ವರ್ಷಗಳಿಂದ ದಡದಲ್ಲಿ ಕುಳಿತು ನೋಡುತ್ತ ಬಂದಿರುವ ಹೊಳೆ ಲಾಡನ್. ಅದು ಹ್ಯಾಂಪ್‌ಶರ್‌ನ ಬೇಸಿಂಗ್‌ಸ್ಟೋಕ್ ಪಟ್ಟಣದ ಬಳಿ ಸುಣ್ಣಕಲ್ಲಿನ ಒರತೆಗಳಿಂದ ಹುಟ್ಟಿ, ಜೇಡಿಮಣ್ಣಿನ ಬಯಲಿಗಿಳಿದು, ಸ್ಟ್ರಾಟ್‌ಫೀಲ್ಡ್ ಸೇ, ಸ್ವಾಲೋಫೀಲ್ಡ್, ಆರ್ಬರ್‌ಫೀಲ್ಡ್, ಟ್ವೈಫರ್ಡ್ ಊರುಗಳನ್ನು ಬಳಸಿ, ವಾರ್‌ಗ್ರೇವ್ ಹತ್ತಿರ ಥೇಮ್ಸ್ ನದಿಯನ್ನು ಸೇರುತ್ತದೆ. ಉದ್ದ ಸುಮಾರು 45 ಕಿಲೋಮೀಟರ್. ಸಾಫ್ಟ್‌ವೇರ್ ಕೆಲಸಕ್ಕೆಂದು ಬಂದು ರೆಡಿಂಗ್ ನಗರದ ಆಸುಪಾಸಿನಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳು ಸೇತುವೆ ದಾಟುವಾಗ ಇದನ್ನು ಕಂಡಿರುತ್ತವೆ, ಹೆಸರು ಕೇಳಿರುವುದು ಕಡಿಮೆ. ಹೆಚ್ಚಿನ ಕಡೆ ಅಗಲ ಹತ್ತು ಹನ್ನೆರಡು ಮಾರಿಗೆ ಮೀರದು, ನೀರು ಒಮ್ಮೊಮ್ಮೆ ಮೊಣಕಾಲುದ್ದ, ಒಮ್ಮೊಮ್ಮೆ ಆಳು ಮುಳುಗುವಷ್ಟು. ಹಳೆಯ ಗಿರಣಿಗಳಿಗಾಗಿ ಕಟ್ಟಿದ ಒಡ್ಡುಗಳು ಅಲ್ಲಲ್ಲಿ ಇನ್ನೂ ಇದ್ದು, ಒಡ್ಡಿನ ಮೇಲೆ ನೀರು ಕೆರೆಯಂತೆ ನಿಂತರೆ ಕೆಳಗೆ ನೊರೆಗಟ್ಟಿ ಮಡುವಿಗೆ ಬೀಳುತ್ತದೆ. ಹುಟ್ಟಿನಲ್ಲಿ ಸುಣ್ಣಕಲ್ಲು, ನಡಿಗೆಯಲ್ಲಿ ಜೇಡಿಮಣ್ಣು ಎಂಬ ಈ ಬೆರಕೆಯಿಂದಲೇ ಲಾಡನ್ ಬೇಸಿಗೆಯಲ್ಲಿ ತಿಳಿಯಾಗಿ ಹಸಿರುಗಟ್ಟಿ ಹರಿಯುತ್ತದೆ, ಮಳೆ ಹೊಯ್ದರೆ ಒಂದೇ ರಾತ್ರಿಯಲ್ಲಿ ಚಹಾದ ಬಣ್ಣಕ್ಕೆ ತಿರುಗುತ್ತದೆ.

ಹೊಳೆ ಕಣ್ಣೆದುರಿಗಿದೆ, ಕೈಯಲ್ಲಿ ಗಾಳವಿದೆ ಎಂದ ಮಾತ್ರಕ್ಕೆ ಅಲ್ಲಿ ಕೂರುವಂತಿಲ್ಲ. ಮೊದಲನೆಯದಾಗಿ, ಹದಿಮೂರು ವರ್ಷ ತುಂಬಿದ ಯಾರೇ ಆಗಲಿ ಪರಿಸರ ಇಲಾಖೆಯ, ಅಂದರೆ ಎನ್ವಿರಾನ್ಮೆಂಟ್ ಏಜೆನ್ಸಿಯ, ಪರವಾನಗಿ ಪಡೆದಿರಬೇಕು; ಹದಿಮೂರರಿಂದ ಹದಿನಾರರವರೆಗಿನ ಮಕ್ಕಳಿಗೆ ಅದು ಉಚಿತವಾದರೂ ಪಡೆಯಲೇಬೇಕು. ಎರಡನೆಯದಾಗಿ, ಉಬ್ಬರವಿಳಿತ ತಲುಪದ ಹೊಳೆಗಳಲ್ಲಿ ಮೀನು ಹಿಡಿಯುವ ಹಕ್ಕು ಸಾಮಾನ್ಯವಾಗಿ ದಡದ ಜಮೀನಿನೊಡೆಯನಿಗೆ ಸೇರಿದ್ದು. ಅವನಿಂದ ಹಕ್ಕನ್ನು ಗುತ್ತಿಗೆ ಪಡೆದ ಸಂಘದ ಸದಸ್ಯತ್ವವಾಗಲಿ, ಒಂದು ದಿನದ ಚೀಟಿಯಾಗಲಿ ಪ್ರತ್ಯೇಕವಾಗಿ ಬೇಕು. ಸರ್ಕಾರದ ಪರವಾನಗಿ ಇದ್ದರೆ ಎಲ್ಲಿ ಬೇಕಾದರೂ ಗಾಳ ಹಾಕಬಹುದೆಂದು ಹೊಸಬರು ತಪ್ಪಾಗಿ ತಿಳಿಯುವುದು ಇಲ್ಲಿಯೇ.

ಮೂರನೆಯದು ಕಾಲದ ಕಟ್ಟುಪಾಡು. ಮಾರ್ಚ್ 15ರಿಂದ ಜೂನ್ 15ರವರೆಗೆ, ಎರಡೂ ದಿನ ಸೇರಿ 93 ದಿನ, ಇಂಗ್ಲೆಂಡಿನ ಹೊಳೆಗಳಲ್ಲಿ ಕೋರ್ಸ್ ಮೀನುಗಳಿಗೆ ಗಾಳ ಹಾಕುವಂತಿಲ್ಲ. ನಮ್ಮ ಕರಾವಳಿಯಲ್ಲಿ ಜೂನ್, ಜುಲೈ ತಿಂಗಳ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯದಿರುವಂತೆಯೇ ಇದೂ ಮೀನು ಮೊಟ್ಟೆಯಿಡುವ ಕಾಲದ ವಿರಾಮ. ವ್ಯತ್ಯಾಸವೆಂದರೆ ಇಲ್ಲಿ ಬಿಡುವು ಕೊಡುತ್ತಿರುವುದು ಹೊಟ್ಟೆಪಾಡಿನ ಕಸುಬಿಗಲ್ಲ, ಹವ್ಯಾಸಕ್ಕೆ. 1878ರಲ್ಲಿ ಶೆಫೀಲ್ಡಿನ ಸಂಸತ್ ಸದಸ್ಯ ಎ. ಜೆ. ಮಂಡೆಲ್ಲಾ ಮುಂದೆ ನಿಂತು ಮಾಡಿಸಿದ ಸಿಹಿನೀರಿನ ಮೀನುಗಾರಿಕೆಯ ಕಾಯ್ದೆಯಿಂದ ಈ ನಿಯಮ ಬಂತು. ಸಾಲ್ಮನ್‌ಗೆ ಮೊದಲಿನಿಂದಲೂ ಇದ್ದ ರಕ್ಷಣೆ ಸಾಧಾರಣ ಮೀನಿಗೂ ದೊರೆತದ್ದು ಆಗಲೇ. ಕೆರೆಕೊಳಗಳಲ್ಲಿ ಈ ನಿಷೇಧವನ್ನು 1995ರಲ್ಲಿ, ಕಾಲುವೆಗಳಲ್ಲಿ 2000ದಲ್ಲಿ ಬಹುಮಟ್ಟಿಗೆ ತೆಗೆದುಹಾಕಿದರು, ಹೊಳೆಗಳಲ್ಲಿ ಉಳಿಸಿಕೊಂಡರು. ಕೆರೆಗೆ ಮೀನು ತಂದುಬಿಡುವುದೂ ಕೊಯ್ಯುವುದೂ ಒಡೆಯನ ಕೈಯಲ್ಲಿದೆ. ಹೊಳೆಯ ಮೀನು ಒಬ್ಬನ ಜಮೀನಿನಲ್ಲಿ ಮೊಟ್ಟೆಯಿಟ್ಟು ಮತ್ತೊಬ್ಬನ ಜಮೀನಿನಲ್ಲಿ ಬೆಳೆಯುವುದರಿಂದ ಅದನ್ನು ಒಬ್ಬೊಬ್ಬರ ವಿವೇಚನೆಗೆ ಬಿಡಲಾಗದು. ಈ ವಾದ ನನಗೆ ಸರಿಯೆನಿಸುತ್ತದೆ, ಆದರೆ ಸಂಘಗಳ ಸಭೆಗಳಲ್ಲಿ ಇದರ ಮೇಲೆ ಜಗಳ ನಿಂತಿಲ್ಲ.

ಲಾಡನ್ ಹೊಳೆಯಲ್ಲಿರುವ ಮೀನುಗಳಲ್ಲಿ ಬಹುಪಾಲು ನಮ್ಮ ಗೆಂಡೆ, ಕಾಟ್ಲಾ, ರೋಹುಗಳ ಕುಲದವೇ. ರೋಚ್ ಅಂಗೈಯಗಲದ ಬೆಳ್ಳಿ ಮೈಯ ಮೀನು. ಕಣ್ಣಿನ ಸುತ್ತ ಕೆಂಪು, ಈಜುರೆಕ್ಕೆ ಕಿತ್ತಳೆಗೆಂಪು. ಒಂದು ಕಿಲೋಗೆ ಸ್ವಲ್ಪ ಕಡಿಮೆ ತೂಗುವ ರೋಚ್ ಜೀವಮಾನದಲ್ಲಿ ಒಮ್ಮೆ ಸಿಕ್ಕರೆ ಪುಣ್ಯವೆಂದು ಹಳಬರು ಹೇಳುತ್ತಾರೆ. ಡೇಸ್ ಅದಕ್ಕಿಂತ ತೆಳ್ಳಗೆ, ಚುರುಕು. ಚಬ್ ದಪ್ಪ ತಲೆಯ, ಅಗಲ ಬಾಯಿಯ ಹೊಟ್ಟೆಬಾಕ. ಚಿಕ್ಕ ಚಬ್ ಅನ್ನು ದೊಡ್ಡ ಡೇಸ್ ಎಂದು ಭ್ರಮಿಸಿ ಹಿಗ್ಗುವುದು ಎಲ್ಲರೂ ಒಮ್ಮೆ ಮಾಡುವ ತಪ್ಪು. ಬಾಲಕ್ಕೆ ಮುಂಚೆ ಹೊಟ್ಟೆಯಡಿ ಇರುವ ರೆಕ್ಕೆಯನ್ನು ಬಿಡಿಸಿ ನೋಡಿದರೆ ಸಂಶಯ ತೀರುತ್ತದೆ. ಅದರ ಅಂಚು ಹೊರಕ್ಕೆ ಉಬ್ಬಿದ್ದರೆ ಚಬ್, ಒಳಕ್ಕೆ ಬಾಗಿದ್ದರೆ ಡೇಸ್. ಪರ್ಚ್ ಮತ್ತು ಪೈಕ್ ಈ ಕುಲಕ್ಕೆ ಸೇರಿದವಲ್ಲ. ಇವು ಬೇಟೆಗಾರ ಮೀನುಗಳು, ಅದರಲ್ಲೂ ಪೈಕ್ ಜೊಂಡಿನ ನೆರಳಿನಲ್ಲಿ ಕದಲದೆ ನಿಂತು ಬಾಣದಂತೆ ಎರಗುವ ಜಾತಿ.

ಈ ಹೊಳೆಯ ಹೆಮ್ಮೆ ಬಾರ್ಬೆಲ್. ಮೇಲ್ದುಟಿಯ ಬಳಿ ನಾಲ್ಕು ಮೀಸೆಗಳು, ಕೆಳಮುಖದ ಬಾಯಿ, ಸೆಳವಿನಲ್ಲಿ ತಳಕ್ಕೆ ಒತ್ತಿಕೊಂಡು ನಿಲ್ಲಲು ಹೇಳಿ ಮಾಡಿಸಿದ ಮೈಕಟ್ಟು. ಹಿಮಯುಗದ ಕಾಲಕ್ಕೆ ಬ್ರಿಟನ್ ಯುರೋಪಿನ ನೆಲಕ್ಕೆ ಅಂಟಿಕೊಂಡಿದ್ದು, ಥೇಮ್ಸ್ ಮುಂತಾದ ಪೂರ್ವದ ನದಿಗಳು ರೈನ್ ನದಿಯ ಬಳಗಕ್ಕೆ ಸೇರಿದ್ದವು. ಬಾರ್ಬೆಲ್ ಈ ದೇಶಕ್ಕೆ ಬಂದದ್ದು ಆ ದಾರಿಯಿಂದ. ಆದ್ದರಿಂದಲೇ ಅದು ಪೂರ್ವದ ನದಿಗಳಿಗೆ ಸ್ಥಳೀಕ, ಪಶ್ಚಿಮದ ಸೆವರ್ನ್ ನದಿಗೆ 1956ರಲ್ಲಿ ಮನುಷ್ಯರು ಒಯ್ದು ಬಿಟ್ಟದ್ದು. ಕಾವೇರಿಯ ಬಿಳಿಮೀನು, ಅಂದರೆ ಮಹಶೀರ್, ಇದೇ ಕುಲದ ದೊಡ್ಡಣ್ಣ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮಹಶೀರ್ ಸುದ್ದಿಯನ್ನು ಇಲ್ಲಿನ ಹಳೆಯ ಗಾಳಗಾರರು ಇಂದಿಗೂ ಎತ್ತುತ್ತಾರೆ. ಬಾರ್ಬೆಲ್ ಹಿಡಿಯುವವರ ಪೈಕಿ ಹಲವರು ಒಂದು ಕಾಲಕ್ಕೆ ಭೀಮೇಶ್ವರಿಯ ಕಾವೇರಿ ದಡಕ್ಕೆ ಬಂದು, ಕುದಿಸಿ ಗಟ್ಟಿ ಮಾಡಿದ ರಾಗಿ ಹಿಟ್ಟಿನ ಉಂಡೆಯನ್ನು ಗಾಳಕ್ಕೆ ಸಿಕ್ಕಿಸುವುದನ್ನು ಕಲಿತವರೇ. ಆ ಕಿತ್ತಳೆ ರೆಕ್ಕೆಯ ಗೂನು ಮಹಶೀರ್ ಇಂದು ಅಳಿವಿನ ಅಂಚಿಗೆ ಬಂದಿದೆ. 2018ರಲ್ಲಿ ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರನ್ನು ಗೊತ್ತುಮಾಡಿ, ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು.

ಗೆಂಡೆ ಕುಲದ ಎರಡು ಗುಣಗಳು ಗಾಳ ಹಾಕುವವನಿಗೆ ಗೊತ್ತಿರಬೇಕು. ಇವುಗಳ ದವಡೆಯಲ್ಲಿ ಹಲ್ಲಿಲ್ಲ, ಗಂಟಲಿನಲ್ಲಿವೆ. ಚಬ್ ಬಾಯಿಗೆ ಬೆರಳು ಹಾಕಿದರೆ ಮೆತ್ತಗೆನಿಸುತ್ತದೆ, ಇನ್ನೂ ಒಳಗೆ ಹಾಕಿದರೆ ಸಿಗಡಿಯ ಚಿಪ್ಪನ್ನೇ ಪುಡಿಮಾಡುವ ಅರೆಯುವ ಹಲ್ಲುಗಳು ಕಾದಿರುತ್ತವೆ. ಎರಡನೆಯದು ಕಿವಿ. ಹೊಟ್ಟೆಯೊಳಗಿನ ಗಾಳಿಚೀಲದಿಂದ ಒಳಗಿವಿಯವರೆಗೆ ಸಣ್ಣ ಎಲುಬುಗಳ ಸರಪಳಿಯೊಂದು ಸದ್ದನ್ನು ಸಾಗಿಸುವುದರಿಂದ ಇವು ಬಹುತೇಕ ಮೀನುಗಳಿಗಿಂತ ಚೆನ್ನಾಗಿ ಕೇಳಿಸಿಕೊಳ್ಳುತ್ತವೆ. ಹೊಳೆಯಂಚಿನಲ್ಲಿ ಧಪಧಪ ನಡೆದು ಬಂದು, ಕುರ್ಚಿ ಎಳೆದು, ಡಬ್ಬ ಕುಕ್ಕಿ ಕೂತವನಿಗೆ ಅರ್ಧ ಗಂಟೆ ಏನೂ ಕಚ್ಚದಿದ್ದರೆ ಅದು ದುರದೃಷ್ಟವಲ್ಲ.

ಇನ್ನು ವಿಷಯದ ತಿರುಳಿಗೆ ಬರೋಣ. ಗಾಳ ಎಂದರೆ ಎರೆ ಸಿಕ್ಕಿಸಿ ನೀರಿಗೆಸೆದು ಕಾಯುವುದು ಎಂಬ ನಮ್ಮ ಸಾಮಾನ್ಯ ಕಲ್ಪನೆ ಸಣ್ಣ ಹೊಳೆಯಲ್ಲಿ ಬಹುಬೇಗ ಸೋಲುತ್ತದೆ. ಹರಿಯುವ ನೀರಿನಲ್ಲಿ ಮೀನು ನಿಂತಿರುತ್ತದೆ, ಆಹಾರ ಅದರತ್ತ ತೇಲಿ ಬರುತ್ತದೆ. ದಿನವಿಡೀ ಇದನ್ನೇ ನೋಡುವ ಮೀನಿಗೆ ಯಾವ ತುಣುಕು ಎಷ್ಟು ವೇಗದಲ್ಲಿ, ತಳದಿಂದ ಎಷ್ಟು ಎತ್ತರದಲ್ಲಿ ಬರಬೇಕೆಂಬುದು ಚೆನ್ನಾಗಿ ಗೊತ್ತು. ಉಳಿದವುಗಳಿಗಿಂತ ಬೇರೆ ಬಗೆಯಲ್ಲಿ ಚಲಿಸುವ ತುಣುಕನ್ನು ಅದು ಮುಟ್ಟುವುದಿಲ್ಲ. ಗಾಳ ಹಾಕುವವನ ಕೆಲಸವೆಲ್ಲ ಇಷ್ಟೇ: ದಾರಕ್ಕೆ ಕಟ್ಟಿದ ಎರೆಯು ದಾರವೇ ಇಲ್ಲದಂತೆ ಸಾಗಬೇಕು.

ಇದು ಕಷ್ಟವಾಗುವುದೇಕೆಂದರೆ ಹೊಳೆಯ ನೀರು ಮೇಲಿನಿಂದ ಕೆಳಗಿನವರೆಗೆ ಒಂದೇ ವೇಗದಲ್ಲಿ ಹರಿಯುವುದಿಲ್ಲ. ತಳದ ಜಲ್ಲಿ, ಕಳೆ, ಹೂಳುಗಳಿಗೆ ಉಜ್ಜಿಕೊಂಡು ಹೋಗುವ ನೀರು ತಡೆದು ನಿಧಾನವಾಗುತ್ತದೆ, ಮೇಲ್ಮೈಯ ಹತ್ತಿರದ ನೀರು ಅಡ್ಡಿಯಿಲ್ಲದೆ ಓಡುತ್ತದೆ. ನೀರಾವರಿ ಎಂಜಿನಿಯರುಗಳು ಹೊಳೆಯ ಸರಾಸರಿ ವೇಗ ಅಳೆಯಲು ಮೇಲಿನಿಂದ ಆಳದ ಹತ್ತರಲ್ಲಿ ಆರು ಪಾಲು ಕೆಳಗೆ ಅಳತೆ ತೆಗೆಯುವುದು ಈ ಕಾರಣಕ್ಕೇ. ಈಗ ಬೆಂಡನ್ನು, ಅಂದರೆ ಮೀನು ಕಚ್ಚಿದ್ದನ್ನು ತೋರಿಸಲು ದಾರಕ್ಕೆ ಕಟ್ಟಿ ನೀರಿನ ಮೇಲೆ ತೇಲಿಬಿಡುವ ಕಡ್ಡಿಯನ್ನು, ನೆನೆಸಿಕೊಳ್ಳಿ. ಅದು ತೇಲುವುದು ವೇಗದ ನೀರಿನಲ್ಲಿ, ಎರೆ ಇರುವುದು ನಿಧಾನದ ನೀರಿನಲ್ಲಿ. ಬೆಂಡನ್ನು ಅದರ ಪಾಡಿಗೆ ಬಿಟ್ಟರೆ ಅದು ಮುಂದೋಡಿ ಎರೆಯನ್ನು ದರದರನೆ ಎಳೆದುಕೊಂಡು ಹೋಗುತ್ತದೆ, ಎರೆ ತಳದಿಂದ ಮೇಲಕ್ಕೂ ಏಳುತ್ತದೆ. ರೋಚ್ ಮೀನಿನ ಕಣ್ಣಿಗೆ ಅದು ಎತ್ತಿನಗಾಡಿಗಳ ಸಾಲಿನಲ್ಲಿ ನುಗ್ಗಿ ಬಂದ ಮೋಟಾರು.

ಇದಕ್ಕೆ ಕಂಡುಕೊಂಡ ಉಪಾಯದ ಹೆಸರು ಟ್ರಾಟಿಂಗ್. ಹದಿಮೂರು ಅಡಿಯ ಕೋಲು ಹಿಡಿದು, ಬೆಂಡನ್ನು ತನ್ನ ನೇರಕ್ಕೆ ಇಳಿಬಿಟ್ಟು ಕೆಳಕ್ಕೆ ತೇಲಿಸುತ್ತಾರೆ. ಆದರೆ ಕೋಲಿನ ಬುಡದಲ್ಲಿ ದಾರ ಸುತ್ತಿಟ್ಟ ಸುರುಳಿಯ ಅಂಚಿಗೆ ಹೆಬ್ಬೆರಳು ತಾಗಿಸಿ, ದಾರ ಬಿಚ್ಚಿಕೊಳ್ಳುವ ವೇಗವನ್ನು ತಡೆತಡೆದು ಬಿಡುತ್ತಾರೆ. ಸೆಂಟರ್‌ಪಿನ್ ಎಂಬ ಹಳೆಯ ಮಾದರಿಯ ಸುರುಳಿ, ಗಿರಗಟ್ಟೆಯಂತೆ ಒಂದೇ ಅಚ್ಚಿನ ಮೇಲೆ ತಿರುಗುವಂಥದು, ಇಂದಿಗೂ ಬಳಕೆಯಲ್ಲಿರುವುದು ಈ ಹೆಬ್ಬೆರಳ ಹಿಡಿತಕ್ಕಾಗಿ. ತಡೆದಾಗ ಬೆಂಡು ಹಿಂದುಳಿಯುತ್ತದೆ, ಎರೆ ಮುಂದಾಗುತ್ತದೆ, ತಳದ ನೀರಿನ ನಡಿಗೆಗೆ ಹೊಂದುತ್ತದೆ. ಅತಿಯಾಗಿ ತಡೆದರೆ ಎರೆ ಮತ್ತೆ ಮೇಲೇಳುತ್ತದೆ. ಎಷ್ಟು ತಡೆಯಬೇಕೆಂಬುದನ್ನು ಪುಸ್ತಕದಿಂದ ಕಲಿಯಲಾಗದು; ನನಗಂತೂ ಎರಡು ಚಳಿಗಾಲ ಹಿಡಿಯಿತು.

ಅದಕ್ಕೂ ಮುಂಚೆ ಆಳ ಗೊತ್ತಾಗಬೇಕು. ಕೊಕ್ಕೆಗೆ ಭಾರದ ಗುಂಡೊಂದನ್ನು ತಾತ್ಕಾಲಿಕವಾಗಿ ಸಿಕ್ಕಿಸಿ ಇಳಿಬಿಡುತ್ತಾರೆ. ಬೆಂಡು ಮುಳುಗಿಹೋದರೆ ಅದನ್ನು ದಾರದಲ್ಲಿ ಮೇಲಕ್ಕೆ ಸರಿಸುತ್ತಾರೆ, ಮಲಗಿದರೆ ಕೆಳಕ್ಕೆ, ತುದಿ ಮಾತ್ರ ಕಾಣುವವರೆಗೆ. ಹೀಗೆ ಅಲ್ಲಲ್ಲಿ ಅಳೆದಾಗ ಕಣ್ಣಿಗೆ ಕಾಣದ ತಳದ ನಕ್ಷೆ ಮನಸ್ಸಿನಲ್ಲಿ ಮೂಡುತ್ತದೆ: ಇಲ್ಲಿ ಜಲ್ಲಿಯ ದಿಬ್ಬ, ಅದರಾಚೆ ತಗ್ಗು, ವಿಲ್ಲೋ ಮರದ ಬೇರಿನ ಬಳಿ ಕೊರಕಲು. ಬಳಿಕ ಬೆಂಡಿನ ಕೆಳಗೆ ಸಣ್ಣ ಗುಂಡುಗಳನ್ನು ಅಂಗಿಯ ಗುಂಡಿಗಳಂತೆ ಸಮ ಅಂತರದಲ್ಲಿ, ಕೊಕ್ಕೆಯ ಹತ್ತಿರ ಹೋದಂತೆ ಚಿಕ್ಕದಾಗುವಂತೆ ದಾರಕ್ಕೆ ಕಚ್ಚಿಸುತ್ತಾರೆ. ಕೊಕ್ಕೆಯ ಅಂಕಿ ತಿರುಗುಮುರುಗು: ಆರನೆಯ ನಂಬರಿನದು ದೊಡ್ಡದು, ಇಪ್ಪತ್ತನೆಯದು ಅಕ್ಕಿಕಾಳಿಗಿಂತ ಚಿಕ್ಕದು. ರೋಚ್‌ಗೆ ಹದಿನೆಂಟು, ಇಪ್ಪತ್ತು ಸಾಕು. ದಾರವೂ ಅಷ್ಟೇ, ಕರಾವಳಿಯವರು ತಂಗೂಸಿ ಎನ್ನುವ ನೈಲಾನ್ ಎಳೆಯೇ, ಎರಡು ಮೂರು ಪೌಂಡ್ ಭಾರಕ್ಕೆ ತುಂಡಾಗುವಷ್ಟು ಸಣ್ಣದು.

ಪ್ರತಿ ಸಲ ಬೆಂಡು ಬಿಡುವಾಗಲೂ ಹತ್ತು ಹನ್ನೆರಡು ಹುಳುಗಳನ್ನು ನೀರಿಗೆ ಎರಚುತ್ತಾರೆ. ಎಲ್ಲಿ ಎರಚಬೇಕೆಂಬುದು ಸಣ್ಣ ಗಣಿತ. ಹುಳು ತಳ ಮುಟ್ಟಲು ಹತ್ತು ಸೆಕೆಂಡು ಬೇಕು, ನೀರು ಸೆಕೆಂಡಿಗೆ ಅರ್ಧ ಮೀಟರ್ ಸಾಗುತ್ತದೆ ಎಂದುಕೊಂಡರೆ, ಎರಚಿದ ಜಾಗದಿಂದ ಐದು ಮೀಟರ್ ಕೆಳಗೆ ಅದು ಮೀನಿನ ಮುಂದಿರುತ್ತದೆ. ಇದನ್ನು ಲೆಕ್ಕ ಹಾಕದೆ ಬೆಂಡಿನ ಪಕ್ಕಕ್ಕೇ ಎರಚಿದವನು ಕೆಳಗಿನ ತಿರುವಿನಲ್ಲಿ ಕುಳಿತವನ ಮೀನಿಗೆ ಊಟ ಹಾಕಿದಂತಾಗುತ್ತದೆ. ಒಮ್ಮೆಲೇ ಸುರಿದರೆ ಮೀನಿನ ಹೊಟ್ಟೆ ತುಂಬುತ್ತದೆ. ಸ್ವಲ್ಪ ಸ್ವಲ್ಪವಾಗಿ, ಬಿಡದೆ ಎರಚಿದರೆ ಮುಕ್ಕಾಲು ಗಂಟೆಯೊಳಗೆ ಚದುರಿದ ರೋಚ್‌ಗಳು ಒಂದು ಸಾಲಿಗೆ ಬಂದು ಪೈಪೋಟಿಯಿಂದ ತಿನ್ನತೊಡಗುತ್ತವೆ. ಬೆಂಡಿನ ಕೆಂಪು ತುದಿ ಒಮ್ಮೆ ಅದುರಿ, ಅರೆಕ್ಷಣ ನಿಂತು, ಓರೆಯಾಗಿ ಜಾರಿ ಮಾಯವಾಗುತ್ತದೆ. ಆಗ ಮಣಿಕಟ್ಟನ್ನು ಮೃದುವಾಗಿ ಎತ್ತಬೇಕು, ಜಗ್ಗಬಾರದು.

ಹುಳು ಎಂದೆನಲ್ಲ, ಅದು ನಮ್ಮ ಎರೆಹುಳುವಲ್ಲ. ನೀಲಿ ನೊಣದ ಮರಿಹುಳು, ಅಂಗಡಿಗಳಲ್ಲಿ ಅಳತೆಯ ಲೆಕ್ಕದಲ್ಲಿ ಮಾರುವ ಮ್ಯಾಗಟ್. ಬೆಚ್ಚಗಿದ್ದರೆ ಎರಡು ಮೂರು ದಿನಗಳಲ್ಲಿ ಕೋಶ ಕಟ್ಟುವುದರಿಂದ ಇದನ್ನು ತಂಪಿನಲ್ಲಿಡಬೇಕು. ಮನೆಯ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ ಇಟ್ಟಿದ್ದ ಡಬ್ಬದ ಮುಚ್ಚಳ ಒಮ್ಮೆ ಸಡಿಲವಾಗಿ, ಮರುದಿನ ಬೆಳಿಗ್ಗೆ ಕೊತ್ತಂಬರಿ ಸೊಪ್ಪಿನ ಕಟ್ಟು ತಾನೇ ಅಲುಗಾಡುತ್ತಿದ್ದುದನ್ನು ಮನೆಯವರು ಕಂಡ ಮೇಲೆ, ನನ್ನ ಡಬ್ಬಕ್ಕೆ ಶೆಡ್ಡಿನಲ್ಲಿ ಪ್ರತ್ಯೇಕ ವ್ಯವಸ್ಥೆಯಾಯಿತು. ಹುಳುವನ್ನು ಮುಟ್ಟಲಾರದವರಿಗೆ ಬೇಕಾದಷ್ಟು ದಾರಿಗಳಿವೆ: ಹಿಸುಕಿದ ಬ್ರೆಡ್ಡಿನ ತುಣುಕು, ಡಬ್ಬದ ಸಿಹಿ ಜೋಳ, ಬೇಯಿಸಿದ ಸೆಣಬಿನ ಬೀಜ, ಹಳಸಿದ ಚೀಸಿನ ಹಿಟ್ಟು.

ಬಾರ್ಬೆಲ್‌ಗೆ ಬೆಂಡಿಗಿಂತ ತಳದಲ್ಲಿ ಕೂರಿಸುವ ಗಾಳ ಹೆಚ್ಚು ಬಳಕೆ. ಎರೆಯೊಂದಿಗೆ ಭಾರ ಕಟ್ಟಿ, ರಂಧ್ರಗಳಿರುವ ಪುಟ್ಟ ಡಬ್ಬಿಯಲ್ಲಿ ತಿನಿಸು ತುಂಬಿ, ತಳಕ್ಕಿಳಿಸಿ, ಕೋಲಿನ ತುದಿಯನ್ನು ನೋಡುತ್ತ ಕೂರುವುದು. ಈ ಮೀನು ಎಳೆಯುವ ರಭಸಕ್ಕೆ ಹತ್ತು ಹನ್ನೆರಡು ಪೌಂಡಿನ ದಾರ ಬೇಕು, ಕೋಲಿನಿಂದ ಕೈ ತೆಗೆದು ಚಹಾ ಸುರಿದುಕೊಳ್ಳುವುದು ಅಪಾಯ. ಬೇಸಿಗೆಯ ಮುಸ್ಸಂಜೆಯೂ, ಚಳಿಗಾಲದಲ್ಲಿ ನೈಋತ್ಯದ ಬೆಚ್ಚನೆಯ ಮಳೆ ತಂದ ಕಂದು ನೆರೆಯೂ ಇದರ ಹೊತ್ತು. ಹಿಮ ಕರಗಿದ ತಣ್ಣೀರು ಬಂದರೆ ಬಾರ್ಬೆಲ್ ಬಾಯಿ ಮುಚ್ಚುತ್ತದೆ, ಆಗಲೂ ತಿನ್ನುವುದು ಚಬ್ ಒಂದೇ.

ಹಿಡಿದ ಮೇಲೆ ಸಾರು ಮಾಡುವುದಿಲ್ಲವೇ ಎಂಬುದು ನಮ್ಮವರೆಲ್ಲರ ಮೊದಲ ಪ್ರಶ್ನೆ. ಮಾಡುವುದಿಲ್ಲ. ಹಿಂದೆ ಮಾಡುತ್ತಿದ್ದರು, ರೈಲು ಮತ್ತು ಮಂಜುಗಡ್ಡೆ ಸೇರಿ ಕಡಲಮೀನನ್ನು ಒಳನಾಡಿಗೆ ಅಗ್ಗವಾಗಿ ತಂದ ಮೇಲೆ ಮುಳ್ಳು ತುಂಬಿದ, ಕೆಸರು ವಾಸನೆಯ ಹೊಳೆಮೀನು ಅಡುಗೆಮನೆಯಿಂದ ಮರೆಯಾಯಿತು. ಬಾರ್ಬೆಲ್ ಮೊಟ್ಟೆಯಂತೂ ವಾಂತಿಭೇದಿ ತರಿಸುವ ವಿಷ. ಈಗಿನ ನಿಯಮದಂತೆ ಹೊಳೆಯಿಂದ ದಿನಕ್ಕೆ 20 ಸೆಂಟಿಮೀಟರಿಗಿಂತ ದೊಡ್ಡದಲ್ಲದ 15 ಸಣ್ಣ ಮೀನು, 65 ಸೆಂಟಿಮೀಟರಿನೊಳಗಿನ ಒಂದು ಪೈಕ್ ಒಯ್ಯಬಹುದು, ಅದೂ ದಡದ ಒಡೆಯ ಒಪ್ಪಿದರೆ, ಹಾವುಮೀನನ್ನು ಬಿಡಲೇಬೇಕು. ಸಂಘಗಳು ಅಷ್ಟಕ್ಕೂ ಒಪ್ಪುವುದು ಅಪರೂಪ. ತಿನ್ನದಿದ್ದರೆ ಹಿಡಿಯುವುದೇಕೆ ಎಂಬ ಆಕ್ಷೇಪ ನಿಜವಾದದ್ದು. ಸ್ವಿಟ್ಜರ್‌ಲ್ಯಾಂಡಿನಲ್ಲಿ 2009ರಿಂದ, ಬಿಟ್ಟುಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದು ಕಾನೂನುಬಾಹಿರ. ಇಂಗ್ಲೆಂಡ್ ಇದಕ್ಕೆ ತದ್ವಿರುದ್ಧವಾದ ದಾರಿಯಲ್ಲಿದೆ. ಎರಡರಲ್ಲಿ ಯಾವುದು ಹೆಚ್ಚು ದಯೆಯುಳ್ಳದ್ದೆಂದು ನಾನು ಇನ್ನೂ ತೀರ್ಮಾನಿಸಿಲ್ಲ. ಮುಳ್ಳಿಲ್ಲದ ಕೊಕ್ಕೆ, ಗಂಟಿಲ್ಲದ ಬಲೆ, ಮೀನನ್ನು ಮಲಗಿಸುವ ಒದ್ದೆ ಹಾಸು ಇವುಗಳಿಂದ ನೋವನ್ನು ತಗ್ಗಿಸಬಹುದು, ಇಲ್ಲವಾಗಿಸಲಾಗದು.

ಗಾಳಗಾರರಿಂದ ಹೊಳೆಗೆ ಆದ ಹಾನಿಯಲ್ಲಿ ಸೀಸದ್ದು ದೊಡ್ಡದು. ದಾರಕ್ಕೆ ಕಚ್ಚಿಸುವ ಗುಂಡುಗಳು ದಡದಲ್ಲಿ ಉದುರುತ್ತಿದ್ದವು, ಹಂಸಗಳು ಆಹಾರ ಅರೆಯಲು ಹರಳು ನುಂಗುವಾಗ ಅವನ್ನೂ ನುಂಗಿ ಸಾಯುತ್ತಿದ್ದವು. 1987ರಲ್ಲಿ 0.06 ಗ್ರಾಂನಿಂದ 28.35 ಗ್ರಾಂವರೆಗಿನ ಸೀಸದ ತೂಕಗಳ ಮಾರಾಟವನ್ನು ನಿಲ್ಲಿಸಿದರು, ಹಂಸಗಳು ಚೇತರಿಸಿಕೊಂಡವು. ಸೀಸದ ಗುಂಡು ಎಂಬ ಮಾತನ್ನು ನಾನು ಮೇಲೆ ಬೇಕೆಂದೇ ಬಳಸಲಿಲ್ಲ.

ಇಂದಿನ ಕೇಡುಗಳು ಅಷ್ಟು ಸುಲಭವಾಗಿ ಬಗೆಹರಿಯುವಂಥವಲ್ಲ. ಮಳೆ ಜೋರಾದಾಗ ಚರಂಡಿಯ ಕೊಳೆನೀರು ಶುದ್ಧವಾಗದೆ ಹೊಳೆ ಸೇರುತ್ತದೆ, ಶುದ್ಧವಾಗಿ ಬಂದ ನೀರಿನಲ್ಲೂ ಫಾಸ್ಫೇಟ್ ಉಳಿದಿರುತ್ತದೆ. 1970ರ ದಶಕದಲ್ಲಿ ಸಾಕಲೆಂದು ತಂದ ಅಮೆರಿಕದ ಸಿಗ್ನಲ್ ಸಿಗಡಿಗಳು (ಕ್ರೇಫಿಶ್) ತಪ್ಪಿಸಿಕೊಂಡು, ದಡದಲ್ಲಿ ಬಿಲ ತೋಡಿ ಮಣ್ಣು ಕುಸಿಯುವಂತೆ ಮಾಡುತ್ತವೆ, ಮೀನಿನ ಮೊಟ್ಟೆ ತಿನ್ನುತ್ತವೆ. ಕುಸಿದ ಮಣ್ಣು ಜಲ್ಲಿಯ ಸಂದುಗಳಿಗೆ ಇಳಿದರೆ, ಅಲ್ಲಿ ಇಟ್ಟ ಬಾರ್ಬೆಲ್ ಮೊಟ್ಟೆಗಳಿಗೆ ಉಸಿರಾಡಲು ನೀರು ಸುಳಿಯುವುದಿಲ್ಲ. ದಡವನ್ನು ಸಡಿಲಗೊಳಿಸುವ ಮತ್ತೊಂದು ಜೀವಿ ನಮ್ಮ ದೇಶದ್ದೇ. 1839ರಲ್ಲಿ ತೋಟದ ಚೆಂದಕ್ಕೆಂದು ಹಿಮಾಲಯದಿಂದ ತಂದ, ನಮ್ಮ ಹಿತ್ತಲಿನ ಕರ್ಣಕುಂಡಲದ ನಂಟಿನ ಬಾಲ್ಸಮ್ ಗಿಡ ಲಾಡನ್ ದಡದಲ್ಲಿ ಆಳೆತ್ತರ ಬೆಳೆದು ಉಳಿದ ಗಿಡಗಳನ್ನು ಅಡಗಿಸಿ, ಚಳಿಗೆ ತಾನೂ ಸತ್ತು, ನೆರೆಯ ಹೊತ್ತಿಗೆ ಸರಿಯಾಗಿ ಮಣ್ಣನ್ನು ಬೆತ್ತಲೆ ಬಿಡುತ್ತದೆ. ಸಂಘದವರು ನಿಷೇಧದ ತಿಂಗಳುಗಳಲ್ಲಿ ಕೋಲನ್ನು ಮನೆಯಲ್ಲಿಟ್ಟು ಬಂದು ಅದನ್ನು ಬೇರುಸಹಿತ ಕೀಳುತ್ತಾರೆ. ಬೀಜಕೋಶ ಮೂಡುವ ಮುಂಚೆಯೇ ಕಿತ್ತು ಮುಗಿಸಬೇಕು, ತಡವಾದರೆ ಕೈ ತಾಗಿದೊಡನೆ ಕಾಯಿ ಸಿಡಿದು ಬೀಜ ನೀರಿಗೆ ಬಿದ್ದು ಕೆಳಗಿನ ಸಂಘದ ಪಾಲಾಗುತ್ತದೆ.